ಕಿಟಕಿ ಪಕ್ಕದ ಮಂಚ

ನಮ್ಮೂರಿನಲ್ಲಿ ಮಂಚಗಳು ನಿಂತಿರುತ್ತವೆ. ಹೊರಗಿನಿಂದ ಬಂದವರು ಬಸ್ಸಿಳಿದು ಕಡಲಿನ ಕಡೆ ನಡೆಯುವಾಗ ಮೊದಲು ಕೇಳುವುದು ಅದನ್ನೇ, ಪ್ರತಿ ಮನೆಯ ಗೋಡೆಗೂ ಒಂದೆರಡು ಮಂಚ ಒರಗಿಸಿಟ್ಟಿದ್ದೀರಲ್ಲ, ಮಾರುವುದಕ್ಕಾ ಎಂದು. ಅಲ್ಲ ಅನ್ನುತ್ತೇವೆ. ಮಲಗುವವರು ಬಂದ ಮೇಲೆ ಮಂಚ ಇಳಿಸಿ ಹಾಸುತ್ತೇವೆ, ಅವರು ಹೊರಟ ಮೇಲೆ ಎತ್ತಿ ನಿಲ್ಲಿಸುತ್ತೇವೆ. ಹಾಸಿದ ಮಂಚ ಉಬ್ಬರದ ಹೊತ್ತಿನಲ್ಲಿ ಖಾಲಿ ಇರಬಾರದು. ಖಾಲಿ ಇದ್ದರೆ ಕಡಲು ಬಂದು ಮಲಗುತ್ತದೆ.

ಹಾಗೆ ಮಲಗಿ ಹೋದ ಕೋಣೆಗಳನ್ನು ನಾನು ಕಂಡಿದ್ದೇನೆ. ಕಡಲು ದಾಂಧಲೆ ಮಾಡುವುದಿಲ್ಲ. ರಸ್ತೆ ದಾಟಿ, ಬೇರೆ ಯಾರ ಹೊಸ್ತಿಲನ್ನೂ ಮುಟ್ಟದೆ, ಆ ಕೋಣೆಗೆ ಹೋಗಿ, ಆ ಮಂಚದ ಮೇಲೆ ಮಲಗಿ, ಇಳಿತದ ಹೊತ್ತಿಗೆ ಎದ್ದು ಹೋಗುತ್ತದೆ. ಹಾಸಿಗೆಯನ್ನು ಒಣಗಿಸಿಕೊಳ್ಳಬಹುದು. ಆದರೆ ಆ ಮಂಚದವರು ಅಷ್ಟು ಹೊತ್ತಿಗೆ ನೀರಿನಲ್ಲಿದ್ದರೆ ಮತ್ತೆ ದಡ ಕಾಣುವುದಿಲ್ಲ. ನೀರಿನಲ್ಲಿದ್ದವರ ಮಂಚವನ್ನು ಎತ್ತಿ ನಿಲ್ಲಿಸಿದರೂ ಅಷ್ಟೇ. ನೆಲದ ಮೇಲಿರುವವರಿಗೆ ಇದರಿಂದ ಏನೂ ಆಗುವುದಿಲ್ಲ. ನೀರಿನಲ್ಲಿರುವವರಿಗೆ ಉಳಿದಿರುವುದು ಒಂದೇ ದಾರಿ, ಅವರ ಬದಲಿಗೆ ಇನ್ನೊಬ್ಬರು ಆ ಮಂಚದಲ್ಲಿ ಮಲಗುವುದು. ಅದನ್ನು ಮಂಚ ಕಾಯುವುದು ಅನ್ನುತ್ತೇವೆ. ಒಮ್ಮೆ ಮಲಗಿದವರು, ಮಂಚದವರು ಬರುವವರೆಗೆ, ಪ್ರತಿ ಉಬ್ಬರಕ್ಕೂ ತಾವೇ ಮಲಗಬೇಕು. ಸರದಿ ಹಾಕಿಕೊಂಡು ನೋಡಿದವರಿದ್ದಾರೆ. ಸರದಿಯವನು ಮಲಗಿದ್ದಂತೆಯೇ ಅವನ ಪಕ್ಕದಲ್ಲಿ ಕಡಲೂ ಬಂದು ಮಲಗಿತಂತೆ.

ಇದನ್ನು ದೊಡ್ಡ ತಾಪತ್ರಯ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ದಿನಕ್ಕೆ ಎರಡು ಸಲ ಊರು ಮಲಗುತ್ತದೆ, ಎರಡು ಸಲ ಏಳುತ್ತದೆ. ಹೆಂಗಸರು ಮಂಚದ ಮೇಲೆ ಕೂತೇ ಸಿಗಡಿ ಸುಲಿಯುತ್ತಾರೆ, ಅಲಸಂದೆ ಹೆಚ್ಚುತ್ತಾರೆ. ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ. ಬೀದಿಯಲ್ಲಿ ನಾಯಿಗಳು ಮಾತ್ರ. ನಮ್ಮ ಅಲೆಗಳು ಚೆನ್ನಾಗಿ ಏಳುವುದು ನೀರು ಇಳಿದಿರುವಾಗಲೇ ಆದ್ದರಿಂದ, ಬೋರ್ಡು ಹಿಡಿದು ಅಲೆ ಏರುವ ಹುಡುಗ ಹುಡುಗಿಯರು ಬರತೊಡಗಿದಾಗ ಅವರಿಗೂ ಇದು ಅಡ್ಡಿಯಾಗಲಿಲ್ಲ. ಇಳಿತದಲ್ಲಿ ಆಡುತ್ತಾರೆ, ಉಬ್ಬರದಲ್ಲಿ ಮಲಗುತ್ತಾರೆ. ಮೀನಿನ ಬಲೆ ಇಡುತ್ತಿದ್ದ ಕೋಣೆಗಳೆಲ್ಲ ಹಾಸ್ಟೆಲುಗಳಾದವು.

ನನ್ನದೂ ಅಂಥ ಒಂದು. ಘಟ್ಟದ ಮೇಲಿನ ಊರಿನ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೆ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಬಿಟ್ಟು ಅತ್ತೆಯ ಈ ಮನೆಗೆ ಬಂದೆ. ನಾಲ್ಕು ಮಂಚ, ಒಂದು ಅಡುಗೆಮನೆ, ಹಿತ್ತಲಲ್ಲಿ ಉಪ್ಪುನೀರು ತೊಳೆದುಕೊಳ್ಳಲು ಒಂದು ನಲ್ಲಿ, ಬಾಡಿಗೆಗೆ ಕೊಡುವ ಒಂದಿಷ್ಟು ಬೋರ್ಡುಗಳು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ ಸಾರು. ಬಂದವರಿಗೆ ಉಬ್ಬರದ ಹೊತ್ತು ಹೇಳುವುದು, ಆ ಹೊತ್ತಿಗೆ ಮಂಚದಲ್ಲಿದ್ದಾರಾ ಎಂದು ಇಣುಕಿ ನೋಡುವುದು, ಇದು ನನ್ನ ಮುಖ್ಯ ಕೆಲಸ. ಅವರಿಗೆ ಅದೊಂದು ತಮಾಷೆ. ಒಬ್ಬ ಹುಡುಗ ನನ್ನನ್ನು ಸ್ಕೂಲಿನ ಹಾಜರಿ ಟೀಚರ್ ಅಂತಲೇ ಕರೆಯುತ್ತಿದ್ದ.

ಬೀದಿಯ ಕೊನೆಯ ಮನೆ ಸಂಜೀವಣ್ಣನದು. ನಮ್ಮೂರಿನಲ್ಲಿ ಮೊದಲು ಹಾಸ್ಟೆಲು ತೆರೆದವರು ಅವರೇ, ಮೊದಲು ಮುಚ್ಚಿದವರೂ ಅವರೇ. ತೆರೆದ ಹೊಸತರಲ್ಲಿ ಒಬ್ಬ ಹುಡುಗ ನೀರಿಗೆ ಹೋದವನು ಹಿಂದಿರುಗಲಿಲ್ಲ. ಸಂಜೀವಣ್ಣ ಅವನ ಮಂಚದಲ್ಲಿ ಮಲಗಿದರು. ಇವತ್ತಿಗೂ ಮಲಗುತ್ತಾರೆ. ಅಂದು ಅವರಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಊರು ಘಟ್ಟದ ಮೇಲೆ. ಒಂದು ಉಬ್ಬರ ಮುಗಿದು ಇನ್ನೊಂದು ಬರುವುದರೊಳಗೆ ಹೋಗಿ ತಾಳಿ ಕಟ್ಟಿ ಬರುವಷ್ಟು ಹತ್ತಿರವಲ್ಲ ಅದು. ಹುಡುಗನ ಪೂರ್ತಿ ಹೆಸರೂ ಅವರಿಗೆ ಗೊತ್ತಿಲ್ಲ. "ಇದು ಸರ್ಕಾರಿ ನೌಕರಿಯಾಗಿದ್ದರೆ ಇಷ್ಟೊತ್ತಿಗೆ ಪಿಂಚಣಿ ಬರ್ತಿತ್ತು ಸಂಜೀವಣ್ಣ" ಎಂದು ಚಾ ಅಂಗಡಿಯಲ್ಲಿ ಛೇಡಿಸುತ್ತಾರೆ. ಅವರು ನಗುತ್ತಾರೆ.

ಭೂಮಿಕಾ ನನ್ನಲ್ಲಿಗೆ ಬಂದದ್ದು ಮಳೆಗಾಲ ಕಳೆದ ಮೇಲೆ. ಬಯಲುಸೀಮೆಯ ಹುಡುಗಿ, ಕಡಲನ್ನು ನೋಡಿದ್ದೇ ದೊಡ್ಡವಳಾದ ಮೇಲೆ. ಮಾತು ಕಡಿಮೆ, ಹಟ ಜಾಸ್ತಿ. ಅವಳಿಗೆ ಕಿಟಕಿ ಪಕ್ಕದ ಮಂಚ ಹಾಸಿಕೊಟ್ಟೆ. ಬೋರ್ಡಿನ ಮೇಲೆ ನಿಲ್ಲಲು ಕಲಿತ ದಿನ ಬಂದು, ನನಗೆ ಹೇಳದೆ, ಅಡುಗೆಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟಳು. ಸಂತೋಷವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆ ಮಾಡಿದ್ದೆಂದು ಆಮೇಲೆ ಹೊಳೆಯಿತು.

ಅವಳು ಕಾಣೆಯಾದ ದಿನ ನಾನು ಮಗಳ ಊರಿಗೆ ಹೊರಡುವ ತಯಾರಿಯಲ್ಲಿದ್ದೆ. ಮೈತ್ರಿಗೆ ದಿನ ತುಂಬಿತ್ತು. ಹಿಂದೊಮ್ಮೆ ಏಳನೇ ತಿಂಗಳಲ್ಲಿ ಮಗು ಹೋಗಿತ್ತು. ಈ ಸಲ ಆಸ್ಪತ್ರೆಗೆ ಹೋಗುವಾಗ ಅಮ್ಮ ಜೊತೆಗಿರಬೇಕು ಎಂದು ಮೊದಲೇ ಮಾತು ತೆಗೆದುಕೊಂಡಿದ್ದಳು. ಮರುದಿನ ಬೆಳಗಿನ ಬಸ್ಸು. ಎಳೆಗೂಸಿನ ಬಟ್ಟೆ, ಬಾಣಂತಿ ಖಾರದ ಸಾಮಾನು, ಎಲ್ಲ ತುಂಬಿದ ಚೀಲ ಜಗಲಿಯಲ್ಲಿತ್ತು. ನಾನಿಲ್ಲದಾಗ ಹಾಸ್ಟೆಲು ನೋಡಿಕೊಳ್ಳಲು ಪಕ್ಕದ ಮನೆಯ ಗುಲಾಬಿ ಒಪ್ಪಿದ್ದಳು.

ಮಧ್ಯಾಹ್ನದ ಇಳಿತದಲ್ಲಿ ನೀರಿಗೆ ಹೋದ ಮೂವರು ಅತಿಥಿಗಳಲ್ಲಿ ಇಬ್ಬರು ವಾಪಸಾದರು. ಭೂಮಿಕಾ ಇನ್ನೊಂದು ಅಲೆ ನೋಡಿ ಬರುತ್ತೇನೆ ಅಂದಳಂತೆ. ಸ್ವಲ್ಪ ಹೊತ್ತಿಗೆ ಅವಳ ಬೋರ್ಡು ಒಂಟಿಯಾಗಿ ದಡಕ್ಕೆ ಬಂತು. ಬೋರ್ಡು ಕೈತಪ್ಪಿ ಹೋಗದಂತೆ ಕಾಲಿಗೆ ಕಟ್ಟಿಕೊಳ್ಳುವ ರಬ್ಬರಿನ ಹಗ್ಗ ಒಂದು ಇರುತ್ತದೆ. ಅದು ನಡುವೆ ಹರಿದಿತ್ತು. ಬೋರ್ಡಿನ ಕಡೆಯ ತುಂಡು ಮಾತ್ರ ಉಳಿದಿತ್ತು. ಇನ್ನೊಂದು ತುಂಡು, ಕಾಲಿಗೆ ಸುತ್ತುವ ಕಪ್ಪು ಪಟ್ಟಿಯ ಸಮೇತ, ಅವಳ ಕಾಲಿನಲ್ಲೇ ಇರಬೇಕು. ಅವಳ ಬ್ಯಾಗು, ಚಪ್ಪಲಿ, ಫೋನು ಎಲ್ಲ ಮಂಚದ ಕೆಳಗಿದ್ದವು. ಫೋನು ಲಾಕ್ ಆಗಿತ್ತು, ಮನೆಯವರ ನಂಬರನ್ನು ಅವಳು ನನಗೆ ಕೊಟ್ಟಿರಲಿಲ್ಲ.

ದೋಣಿಯ ಹುಡುಗರು ಎರಡು ದೋಣಿ ತೆಗೆದರು. ಒಂದು ಬಡಗಣ ಕಡೆಗೆ, ಒಂದು ತೆಂಕಣ ಬಂಡೆಗಳ ಕಡೆಗೆ. ಸೂರ್ಯ ಮುಳುಗುವ ಹೊತ್ತಿಗೆ ಅಂದಿನ ಉಬ್ಬರ. ನೀರು ಏರತೊಡಗಿದ ಮೇಲೆ ಅವರೂ ತಮ್ಮ ತಮ್ಮ ಮಂಚಗಳಿಗೆ ಹೋಗಬೇಕು. ಬಿಸಿಲು ಹಳದಿಯಾದಾಗ ಎರಡೂ ದೋಣಿ ಬರಿಗೈಯಲ್ಲಿ ಬಂದವು. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಜಗಲಿಯಲ್ಲಿದ್ದ ಚೀಲದ ಮೇಲೆ.

ಆಗ ಬಂದದ್ದು ಮೊಯ್ದಿನಬ್ಬ. ತೆಂಕಣ ಬಂಡೆಗಳ ಮೇಲೆ, ರಸ್ತೆ ಘಟ್ಟದ ಕಡೆ ತಿರುಗುವಲ್ಲಿ ಅವನ ಸೋಡಾ ಅಂಗಡಿ. ಓಡಿ ಬಂದಿದ್ದ, ಏದುಸಿರು. ತೋಯ್ದ ಹುಡುಗಿಯೊಬ್ಬಳು ಬಂಡೆ ಹತ್ತಿ ಬಂದು, ನಿಂತಿದ್ದ ಮೀನಿನ ಲಾರಿಯ ಮುಂದುಗಡೆ ಹತ್ತಿ ಹೋದಳು, ನಾನೇ ಕಂಡೆ ಅಂದ. ಯಾವ ಲಾರಿ ಎಂದು ಕೇಳಿದೆ. ಘಟ್ಟದ ಮೇಲಿಂದ ಬರುವ ಲಾರಿಗಳಲ್ಲಿ ಒಂದು, ನಂಬರು ನೋಡಿಲ್ಲ. ಎಷ್ಟು ಎತ್ತರದ ಹುಡುಗಿ? ಎತ್ತರ ಅಂದರೆ ಎತ್ತರ, ಗಿಡ್ಡ ಅಂದರೆ ಗಿಡ್ಡ. ಮುಖ? ಕೂದಲು ಮುಖದ ಮೇಲಿತ್ತು. ಬಟ್ಟೆ? "ಕಪ್ಪು ಇರಬೇಕು. ನೀರಿಗೆ ಹೋಗುವವರದ್ದೆಲ್ಲ ಕಪ್ಪೇ ಅಲ್ವಾ ವಾರಿಜಕ್ಕ?"

ಹೌದು, ಎಲ್ಲರದ್ದೂ ಕಪ್ಪೇ. ನಮ್ಮೂರಿನಲ್ಲಿ ಹತ್ತಾರು ಹಾಸ್ಟೆಲುಗಳಿವೆ, ಬಂಡೆಯ ಹತ್ತಿರ ಈಜುವ ಹುಡುಗಿಯರೂ ಇದ್ದಾರೆ, ಲಾರಿ ಹತ್ತಿ ಪೇಟೆಗೆ ಹೋಗುವವರೂ ಇದ್ದಾರೆ. ಅವಳು ನೆಲದ ಮೇಲಿದ್ದಾಳೆ ಎಂಬುದು ಖಚಿತವಾದರೆ ನಾನು ಮಂಚ ಎತ್ತಿ ನಿಲ್ಲಿಸಿ, ಬೆಳಿಗ್ಗೆ ಬಸ್ಸು ಹತ್ತಬಹುದು. ಖಚಿತವಾಗದೆ ಎತ್ತಿದರೆ, ಅವಳು ಇನ್ನೂ ಎಲ್ಲೋ ತೇಲುತ್ತಿದ್ದರೆ, ಅವಳನ್ನು ಮುಳುಗಿಸಿದವಳು ನಾನೇ. ನೀರು ಆಗಲೇ ಮರಳಿನ ದಿಬ್ಬದ ಬುಡಕ್ಕೆ ಬಂದಿತ್ತು.

ಅಲ್ಲಿ ನಾನು ತಪ್ಪು ಮಾಡಿದೆ. "ಎಡಗಾಲಿನಲ್ಲಿ ಕಪ್ಪು ಪಟ್ಟಿ ಇತ್ತಾ?" ಎಂದು ಕೇಳಿಬಿಟ್ಟೆ.

ಮೊಯ್ದಿನಬ್ಬ ನನ್ನನ್ನು ನೋಡಿದ. ಜಗಲಿಯ ಮೇಲಿದ್ದ ಚೀಲ ನೋಡಿದ. ಮೈತ್ರಿ ಸಣ್ಣವಳಿದ್ದಾಗ ಅವನ ಅಂಗಡಿಯ ಗೋಲಿಸೋಡಾಕ್ಕೆ ಹಟ ಹಿಡಿಯುತ್ತಿದ್ದವಳು. "ಇತ್ತು ಮಾರಾಯ್ತಿ" ಅಂದ. "ಇತ್ತು, ಇತ್ತು. ಕಂಡೆ."

ಪತ್ರಿಕೆಯಲ್ಲಿ ಮೊದಲು ಕಲಿಸುವ ಪಾಠವೇ ಅದು. ಏನು ಕಂಡೆ ಎಂದು ಕೇಳಬೇಕು. ಇದನ್ನು ಕಂಡೆಯಾ ಎಂದು ಕೇಳಬಾರದು. ಉತ್ತರವನ್ನು ನಾನೇ ಅವನ ಬಾಯಿಗೆ ಇಟ್ಟಿದ್ದೆ. ಅವನು ನಿಜವಾಗಿ ಕಂಡಿದ್ದರೂ ಈಗ ಅದು ನನಗೆ ಉಪಯೋಗವಿಲ್ಲ. ನನ್ನ ಮೇಲಿನ ಕನಿಕರಕ್ಕೆ ಹೇಳಿದನೋ, ಕಣ್ಣಾರೆ ಕಂಡು ಹೇಳಿದನೋ ಎಂದು ಬೇರ್ಪಡಿಸುವ ದಾರಿಯೇ ಉಳಿದಿರಲಿಲ್ಲ. ಇನ್ನೊಮ್ಮೆ ಕೇಳಿದರೆ ಇನ್ನೂ ಗಟ್ಟಿಯಾಗಿ ಹೌದು ಅನ್ನುತ್ತಾನೆ, ಅಷ್ಟೇ.

ಒಳಗೆ ಇಬ್ಬರು ಅತಿಥಿಗಳು ತಮ್ಮ ಮಂಚಗಳ ಮೇಲೆ ಕಾಲು ಮಡಚಿ ಕೂತಿದ್ದರು. ಅವರಲ್ಲಿ ನಕುಲ ಎಂಬವನು, ನನ್ನನ್ನು ಹಾಜರಿ ಟೀಚರ್ ಅನ್ನುತ್ತಿದ್ದವನೇ, ಎರಡು ಮಂಚ ಜೋಡಿಸಿ ನಾನೇ ಮಲಗುತ್ತೇನೆ ಅಂದ. ಒಂದು ಮೈಗೆ ಒಂದೇ ಮಂಚ ಎಂದು ತಿಳಿಸಿದೆ. ಹಾಗಾದರೆ ನನ್ನದನ್ನು ಎತ್ತಿ, ಇದರಲ್ಲಿ ಮಲಗುತ್ತೇನೆ ಅಂದ. ಎಷ್ಟು ದಿನ ಎಂದು ಕೇಳಿದೆ. ಭಾನುವಾರದವರೆಗೆ ರಜೆ ಇದೆ ಅಂದ. ಒಳ್ಳೆಯ ಹುಡುಗ. ಅವನಿಗೆ ಸಂಜೀವಣ್ಣನ ಮನೆ ತೋರಿಸಿರಲಿಲ್ಲ.

ಸಂಜೀವಣ್ಣನೇ ಬಂದರು. ಲುಂಗಿ ಎತ್ತಿ ಕಟ್ಟಿಕೊಂಡು, ಬೀದಿಯುದ್ದಕ್ಕೂ ಬೇಗ ಬೇಗ. ಅವರಿಗೂ ಹೊತ್ತಿರಲಿಲ್ಲ, ತಮ್ಮ ಮಂಚಕ್ಕೆ ಮರಳಬೇಕಿತ್ತು. ಹೊಸ್ತಿಲಲ್ಲೇ ನಿಂತು, "ವಾರಿಜಾ, ಮಂಚ ಎತ್ತು" ಅಂದರು.

ಮೊಯ್ದಿನಬ್ಬನ ಮಾತು ನಂಬಿಕೊಂಡಾ ಎಂದು ಕೇಳಿದೆ.

"ನನಗೆ ಹೇಳಿದ್ದೂ ಅವನೇ" ಅಂದರು. "ಆವಾಗ ಅವನಿಗೆ ಮೀಸೆ ಇರಲಿಲ್ಲ, ಅದೇ ತಿರುವಿನಲ್ಲಿ ಸೀಯಾಳ ಮಾರುತ್ತಿದ್ದ. ನಿಮ್ಮ ಹುಡುಗ ಬಸ್ಸು ಹತ್ತಿದ್ದನ್ನು ಕಂಡೆ ಅಂತ ಬಂದು ಹೇಳಿದ. ನನಗೆ ಮದುವೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಿತ್ತು. ಪಾಪ ಅಂತ ಹೇಳ್ತಿದ್ದಾನೆ ಅಂದುಕೊಂಡೆ."

"ಈಗ ನಂಬ್ತೀರಾ?"

ಅವರು ರಸ್ತೆಯ ಕಡೆ ನೋಡಿದರು. ನೀರು ದಿಬ್ಬದ ಮೇಲೆ ಹತ್ತಿತ್ತು. "ಈಗ ನಂಬಿದರೆ ಇಷ್ಟು ವರ್ಷ ಎಂತಕ್ಕೆ ಮಲಗಿದ್ದು ಅಂತ ಯಾರಿಗಾದರೂ ಹೇಳಬೇಕಾಗ್ತದೆ. ನಿನಗೆ ಆ ಗತಿ ಬೇಡ. ಎತ್ತು." ಅಷ್ಟು ಹೇಳಿ ಬಂದಷ್ಟೇ ಬೇಗ ಹೊರಟುಹೋದರು.

ನನ್ನ ಮಂಚವನ್ನು ಆ ಸಂಜೆ ಇಳಿಸಿಯೇ ಇರಲಿಲ್ಲ. ಕಿಟಕಿ ಪಕ್ಕದ ಮಂಚದ ಕಾಲು ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ಒಂದು ಗೇಣು ಎತ್ತಿಯೇಬಿಟ್ಟೆ. ಮಂಚದ ಕೆಳಗೆ ಅವಳ ಚಪ್ಪಲಿಗಳು, ಒಂದರ ಪಕ್ಕ ಒಂದು, ನೇರವಾಗಿ. ಹೊರಗೆ ರಸ್ತೆಯ ಮೇಲೆ ನೀರು ಹರಿಯುವ ಸದ್ದು ಬಂತು. ಅಲೆಯ ಸದ್ದಲ್ಲ ಅದು. ಯಾರೋ ಬಟ್ಟೆ ಎಳೆದುಕೊಂಡು ನಡೆದಂತಿತ್ತು. ಗುಲಾಬಿಯ ಮನೆ ದಾಟಿತು. ನಮ್ಮ ಮೆಟ್ಟಿಲಿನ ಬಳಿ ನಿಂತಿತು. ಜಗಲಿಯ ಸಿಮೆಂಟಿನ ಮೇಲೆ ನೀರಿನ ಅಂಚೊಂದು ಒಳಗೆ ಸರಿದು, ನನ್ನ ಚೀಲದ ತಳವನ್ನು ಮುಟ್ಟಿ, ಹೊಸ್ತಿಲಿನ ಮೇಲೆ ಬಂತು.

ಮಂಚ ಇಳಿಸಿ ಮಲಗಿದೆ.

ದಿಂಬಿನಲ್ಲಿ ಅವಳ ತಲೆಯ ಎಣ್ಣೆಯ ವಾಸನೆ ಇತ್ತು. ನೀರು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು, ಯಾರು ಎಂದು ನೋಡುವಂತೆ. ಆಮೇಲೆ ಹಿಂದೆ ಸರಿಯಿತು.

ಮೈತ್ರಿಗೆ ಫೋನಿನಲ್ಲಿ ಹೇಳಿದೆ. ಅವಳು ಈ ಊರಿನಲ್ಲೇ ಬೆಳೆದವಳು, ಮಂಚ ಕಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. "ಯಾರೋ ಒಬ್ಬಳಿಗೆ ಅಮ್ಮಾ?" ಎಂದು ಕೇಳಿದಳು. ಯಾರೋ ಒಬ್ಬಳೇ, ಆದರೆ ಹಾಸಿಗೆ ಹಾಸಿಕೊಟ್ಟವಳು ನಾನು ಅಂದೆ. ಅವಳು ಫೋನು ಇಟ್ಟಳು. ಮಗು ಹುಟ್ಟಿದಾಗ ಅಳಿಯ ಕರೆ ಮಾಡಿದ. ಅದು ಬೆಳಗಿನ ಉಬ್ಬರದ ಹೊತ್ತು. ಮಂಚದಲ್ಲಿ ಮಲಗಿಕೊಂಡೇ ಮೊಮ್ಮಗಳ ಅಳು ಕೇಳಿದೆ. ಇಬ್ಬರೂ ಸೌಖ್ಯ ಅಂದ. ಮೈತ್ರಿ ಮಾತಾಡಲಿಲ್ಲ, ನಿದ್ದೆಯಲ್ಲಿದ್ದಾಳೆ ಎಂದು ಅವನು ಹೇಳಿದ. ಹಿಂದಿನಿಂದ ಅವಳು ನೀರು ಕೇಳಿದ ಸ್ವರ ನನಗೆ ಕೇಳಿಸಿತ್ತು.

ಉಳಿದಂತೆ ಬದುಕು ಹೊಂದಿಕೊಂಡಿತು. ಉಬ್ಬರಕ್ಕೆ ಸ್ವಲ್ಪ ಮೊದಲು ಅನ್ನ ಬಸಿದಿಟ್ಟು ಮಲಗುವುದು, ಎದ್ದ ಮೇಲೆ ಒಗ್ಗರಣೆ ಹಾಕುವುದು. ಪೇಟೆಗೆ ಹೋದರೆ ಗಡಿಯಾರ ನೋಡಿಕೊಂಡೇ ಇರುವುದು. ಚಾ ಅಂಗಡಿಯಲ್ಲಿ ಸಂಜೀವಣ್ಣ ನನಗೆ ಪಕ್ಕದಲ್ಲಿ ಜಾಗ ಬಿಟ್ಟುಕೊಡತೊಡಗಿದರು. ಅದನ್ನು ಕಂಡಾಗ ನನಗೆ ಭಯವಾಗುತ್ತಿತ್ತು. ಮೊಯ್ದಿನಬ್ಬ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಅವನು ಸುಳ್ಳು ಹೇಳಿದ್ದರೆ ನಾಚಿಕೆ, ನಿಜ ಹೇಳಿದ್ದರೆ ಸಿಟ್ಟು. ಎರಡರಲ್ಲಿ ಯಾವುದೆಂದು ಹಿಂಬದಿಯಿಂದ ಹೇಳುವುದು ಕಷ್ಟ.

ಉಬ್ಬರದ ಹೊತ್ತು ದಿನದಿನಕ್ಕೆ ಸರಿಯುತ್ತ, ಒಂದು ಸುತ್ತು ತಿರುಗಿ ಮತ್ತೆ ಸಂಜೆಯ ಹತ್ತಿರ ಬಂದಿತ್ತು. ಆ ದಿನ ಮಧ್ಯಾಹ್ನ ಒಬ್ಬ ಗಂಡಸು ಬಾಗಿಲಲ್ಲಿ ನಿಂತು, "ಅಕ್ಕಾರ, ಕಿಟಕಿ ಬಾಜೂ ಮಂಚ ಇರೋ ಮನಿ ಇದಾ ಏನ್ರಿ?" ಎಂದು ಕೇಳಿದ. ಮೀನಿನ ಲಾರಿಯ ಡ್ರೈವರು, ಬಸಲಿಂಗ ಎಂದು ಹೆಸರು. ಬೀದಿಯ ಆ ತುದಿಯಿಂದ ಒಂದೊಂದೇ ಮನೆ ಕೇಳಿಕೊಂಡು ಬಂದಿದ್ದ. ಲಾರಿ ಕೆಟ್ಟು ಘಟ್ಟದ ಮೇಲೆಯೇ ನಿಂತಿತ್ತಂತೆ, ಇಲ್ಲದಿದ್ದರೆ ಮೊದಲೇ ಬರುತ್ತಿದ್ದನಂತೆ. ಅಂಗಿಯ ಜೇಬಿನಿಂದ ಕಪ್ಪು ಪಟ್ಟಿಯೊಂದನ್ನು, ಅದರ ಬಾಲದಂಥ ಹಗ್ಗದ ತುಂಡಿನ ಸಮೇತ, ತೆಗೆದುಕೊಟ್ಟ. "ಆ ಹುಡುಗಿ ಕೊಟ್ಟು ಕಳಿಸ್ಯಾಳ್ರಿ. ಬಾಡಿಗಿ ಸಾಮಾನಂತ. ಹರದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ ಅಂದಾಳ. ಆಕಿ ಬ್ಯಾಗ ಇಸ್ಕೊಂಡ್ ಬಾ ಅಂದಾಳ."

ನನ್ನ ಬಾಯಿಗೆ ಎಷ್ಟೋ ಪ್ರಶ್ನೆಗಳು ಒಟ್ಟಿಗೇ ಬಂದವು. ತಡೆದುಕೊಂಡೆ. ಏನಾಯಿತು ಹೇಳಿ ಎಂದಷ್ಟೇ ಕೇಳಿದೆ. ಹುಡುಗಿ ಬಂಡೆ ಹತ್ತಿ ಬಂದಳು, ಮೈಯೆಲ್ಲ ನಡುಗುತ್ತಿತ್ತು, ಎಲ್ಲಿಗಾದರೂ ಸರಿ, ಕಡಲು ಕಾಣದ ಕಡೆ ಕರೆದುಕೊಂಡು ಹೋಗಿ ಅಂದಳು. ದಾರಿಯುದ್ದಕ್ಕೂ ಅತ್ತಳು. ಅವಳ ಅವ್ವನ ಊರಿನ ಅಗಸೆಬಾಗಿಲ ಮುಂದೆ ಇಳಿಸಿದ. ಇಳಿಯುವಾಗ ಇದನ್ನು ಬಿಚ್ಚಿ ಕೊಟ್ಟಳು.

"ಎಲ್ಲಿಂದ ಬಿಚ್ಚಿದಳು?" ಎಂದು ಕೇಳಿದೆ.

"ಎಡಗಾಲಿಂದ್ರಿ."

ಈ ಸಲ ನಾನು ಹೇಳಿಕೊಟ್ಟಿರಲಿಲ್ಲ. ಹಿತ್ತಲಿಗೆ ಹೋಗಿ ಅವಳ ಬೋರ್ಡಿನಲ್ಲಿ ಉಳಿದಿದ್ದ ತುಂಡಿಗೆ ಇದನ್ನು ಹಿಡಿದು ನೋಡಿದೆ. ಹರಿದ ಬಾಯಿಗೆ ಹರಿದ ಬಾಯಿ ಕೂಡಿಕೊಂಡಿತು. ಆಮೇಲೆಯೇ ಒಳಗೆ ಬಂದು ಮಂಚ ಎತ್ತಿ ಗೋಡೆಗೆ ನಿಲ್ಲಿಸಿದೆ. ಅವಳ ಬ್ಯಾಗಿನ ಮೇಲೆ ಚಪ್ಪಲಿ ಕಟ್ಟಿ ಬಸಲಿಂಗನ ಕೈಗೆ ಕೊಟ್ಟೆ. ಮಂಚದ ವಿಷಯ ಅವಳಿಗೆ ತಿಳಿಸಬೇಡಿ ಅಂದೆ. ಯಾವ ಮಂಚದ ವಿಷಯ ಎಂದು ಅವನು ಕೇಳಿದ.

ಸಂಜೆಯ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೊದಲು ಮೊಯ್ದಿನಬ್ಬನ ಅಂಗಡಿಗೆ ಹೋಗಿ ಪಟ್ಟಿಯನ್ನು ಸೋಡಾ ಬಾಟಲಿಗಳ ಪಕ್ಕದಲ್ಲಿಟ್ಟೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, "ನಾನು ಕಾಲು ನೋಡಿರಲಿಲ್ಲ ವಾರಿಜಕ್ಕ" ಅಂದ. "ಹುಡುಗಿಯನ್ನು ನೋಡಿದ್ದು ಹೌದು. ಕಾಲಿನದ್ದು ನೀವು ಕೇಳಿದಿರಿ ಅಂತ ಹೇಳಿದೆ."

ಅಲ್ಲಿಂದ ಸಂಜೀವಣ್ಣನ ಮನೆಗೆ ಹೋದೆ. ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದು, ಹರಿದ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ನಾನು ಕೇಳಿದ್ದನ್ನೆಲ್ಲ ಕೇಳಿದಂತೆಯೇ ಹೇಳಿದೆ, ಮೊಯ್ದಿನಬ್ಬನ ಕೊನೆಯ ಮಾತನ್ನೂ ಬಿಡದೆ. ಇದರಿಂದ ನಿಮ್ಮ ಹುಡುಗನ ವಿಷಯ ಏನೂ ಸಾಬೀತಾಗುವುದಿಲ್ಲ ಎಂದೂ ಹೇಳಿದೆ. ಗೊತ್ತು ಎಂಬಂತೆ ತಲೆಯಾಡಿಸಿದರು. "ಹುಡುಗಿ ಅಳ್ತಾ ಹೋದಳಾ?" ಎಂದು ಕೇಳಿದರು. ಹೌದಂತೆ ಅಂದೆ.

"ಹೇಳಿ ಹೋಗಲಿಕ್ಕೆ ನಾಚಿಕೆ ಆಗಿರಬೇಕು" ಅಂದರು. "ಸಣ್ಣ ಪ್ರಾಯ." ಯಾರ ಪ್ರಾಯ ಎಂದು ನಾನು ಕೇಳಲಿಲ್ಲ. ಪಟ್ಟಿ ಹಿಂದೆ ಕೊಟ್ಟು, "ಹೋಗು, ಬಸ್ಸು ತಪ್ಪೀತು. ಮಗು ನೋಡಿ ಬಾ" ಅಂದರು.

ಬಸ್ಸು ಹೊರಟಾಗ ನೀರು ಏರುತ್ತಿತ್ತು. ಬೀದಿ ಖಾಲಿ, ಮನೆಗಳೊಳಗೆ ಎಲ್ಲರೂ ಮಲಗಿದ್ದರು. ತಳದಲ್ಲಿ ಉಪ್ಪಿನ ಗೆರೆ ಉಳಿದಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕಡಲಿನ ಕಡೆಯ ಸೀಟಿನಲ್ಲಿ ಕೂತಿದ್ದೆ. ಕೊನೆಯ ಮನೆ ಬಂದಾಗ ನೋಡಿದೆ. ಸಂಜೀವಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ಕಾಲು ಚಾಚಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅವರ ಹಿಂದೆ, ಗೋಡೆಗೆ ಒರಗಿ, ಮಂಚ ನಿಂತಿತ್ತು. ಅಷ್ಟು ವರ್ಷ ನೆಲಕ್ಕೆ ಮುಖ ಮಾಡಿಕೊಂಡಿದ್ದರಿಂದ ಅದರ ಅಡಿಯ ಹಲಗೆಗಳು ಯಾರೂ ಕಂಡಿರದ ಬಣ್ಣದಲ್ಲಿದ್ದವು. ಮಂಚ ನಿಂತಿದ್ದರೂ ನೀರು ರಸ್ತೆ ದಾಟಿ ಅವರ ಅಂಗಳದ ಕಡೆ ಸರಿಯುತ್ತಿತ್ತು. ಅವರು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೋಡಾ ಅಂಗಡಿಯ ತಿರುವಿನಲ್ಲಿ ಬಸ್ಸು ಘಟ್ಟದ ಕಡೆ ಹೊರಳಿತು. ನೀರು ಎಲ್ಲಿಯವರೆಗೆ ಬಂತೆಂದು ನಾನು ನೋಡಿಲ್ಲ. ಆದ್ದರಿಂದ ಹೇಳಲಾರೆ.